ಕುರಿಯಟ್ಟುವ ನಾಯಿಯನ್ನು ಏನು ಮಾಡತಕ್ಕದ್ದು?

ಕಳೆದ ವರುಷ ಮಾಘಮಾಸದಲ್ಲಿ, ಕಡಲೆಯ ಸುಗ್ಗಿ ಮುಗಿದು ಹೊಲಗಳು ಬಯಲಾಗಿದ್ದ ಕಾಲದಲ್ಲಿ, ನಾನು ಸರ್ಕೀಟಿನ ಮೇಲೆ ಮಂಗಳೂರಿಗೆ ಹೋಗಿದ್ದೆನು. ಮಂಗಳೂರೆಂದೊಡನೆ ವಾಚಕರು ಸಮುದ್ರತೀರದ ಪಟ್ಟಣವನ್ನು ನೆನೆಯಬಾರದು. ನಾನು ಹೇಳುವುದು ಕೊಪ್ಪಳ ಜಿಲ್ಲೆಯ ಯಲಬುರ್ಗಾ ಸೀಮೆಯಲ್ಲಿರುವ, ಎರೆಭೂಮಿಯ, ಜೋಳ ಕಡಲೆಗಳ ಮಂಗಳೂರು. ಊರ ಹೊರಗಿನ ಒಂದು ಹೊಲದಲ್ಲಿ ಹತ್ತಿಪ್ಪತ್ತು ಜನರು ಕೂಡಿ ಗದ್ದಲವಾಗಿದ್ದಿತು. ಹಿಂದಿನ ರಾತ್ರಿ ಅಲ್ಲಿ ನಿಂತಿದ್ದ ಕುರಿಮಂದೆಯೊಳಗೆ ನಾಯಿಯೊಂದು ಬಲೆಯನ್ನು ಹರಿದು ನುಗ್ಗಿ, ಹಿಂಡನ್ನು ನಾಲ್ಕು ದಿಕ್ಕಿಗೂ ಚದರಿಸಿದ್ದಿತು. ಅದರ ಬಾಯಿಗೆ ಸಿಕ್ಕಿದುದು ಒಂದೇ ಮರಿ. ಆದರೆ ಕಾಲ್ತುಳಿತಕ್ಕೆ ಸಿಕ್ಕಿ ಸತ್ತ ಮರಿಗಳು ಎರಡು. ಮುಂದಿನ ನಾಲ್ಕೈದು ದಿನಗಳಲ್ಲಿ ಗಬ್ಬದ ಕುರಿಗಳು ಕೆಲವು ಕಂದು ಹಾಕಿದುವೆಂದು ಆಮೇಲೆ ನನಗೆ ತಿಳಿಯಿತು.

ನಾಯಿ ಯಾರದೆಂಬುದೇ ಆಗ ಅಲ್ಲಿ ನಡೆಯುತ್ತಿದ್ದ ವಾದ. ಹೊಲದ ಒಡೆಯನು, "ಅದು ನಮ್ಮ ನಾಯಿ ಅಲ್ಲರೀ. ದಿನಾ ಒಂದ್ ತುತ್ತು ರೊಟ್ಟಿ ಹಾಕೀವಿ, ಅಷ್ಟ" ಎಂದನು. ವಯಸ್ಸಾದ ಕುರಿಗಾರನು ಸಿಟ್ಟುಗೊಳ್ಳದೆ, "ತುತ್ತು ಹಾಕಿದವರದ ನಾಯಿ ಅದು, ಯಪ್ಪಾ" ಎಂದನು. ಈ ಎರಡು ಮಾತುಗಳಲ್ಲಿ ಎರಡನೆಯದೇ ಸರಿಯೆಂದು ನನಗೆ ಆಗಲೂ ತೋರಿತು, ಈಗಲೂ ತೋರುತ್ತಿದೆ. ಅಷ್ಟರಲ್ಲಿ ಒಬ್ಬ ತರುಣನು, ಬೆಳೆಗೆ ಹೊಡೆಯುವ ಎಣ್ಣೆಯನ್ನು ಮಾಂಸದ ತುಂಡಿಗೆ ಸವರಿ ಬದುವಿನ ಮೇಲೆ ಇಟ್ಟರೆ ಬೆಳಗಾಗುವುದರೊಳಗೆ ಪೀಡೆ ತೊಲಗುವುದೆಂದು ಸಲಹೆ ಕೊಟ್ಟನು. ಕೆಲವರು ತಲೆದೂಗಿದರು.

ನಾನು ಆ ನಾಯಿಯನ್ನು ನನ್ನ ಬಿಡಾರಕ್ಕೆ ಒಯ್ದುದು ಕೇವಲ ದಯೆಯಿಂದ ಎಂದರೆ ಅರ್ಧ ಸುಳ್ಳಾದೀತು. ಎಣ್ಣೆಯ ಮಾತನ್ನು ಕೇಳಿ ನನಗೆ ನಾಚಿಕೆಯಾಯಿತು. ಆ ಸೀಸೆಯ ಉಪಯೋಗವನ್ನು ಅದೇ ಊರಿನ ಚಾವಡಿಯಲ್ಲಿ ನಿಂತು ಕಲಿಸಿಕೊಟ್ಟವನು ನಾನೇ. ಬಣವೆಯ ಅಡಿಯಲ್ಲಿ ಅವಿತಿದ್ದ ಆ ಪ್ರಾಣಿಯನ್ನು ಹಿಡಿಯುವುದಕ್ಕೆ ಗಂಡಸರಿಂದ ಆಗಲಿಲ್ಲ. ಅದಕ್ಕೆ ರೊಟ್ಟಿ ಹಾಕುತ್ತಿದ್ದ ಮುದುಕಿಯೊಬ್ಬಳು ಮೂರು ಸಂಜೆ ಅಲ್ಲಿಯೇ ಕುಳಿತು, ಕಡೆಗೆ ಅದರ ಕೊರಳಿಗೆ ಮೆಲ್ಲನೆ ಹಗ್ಗ ಹಾಕಿ ನನ್ನ ಕೈಗೆ ಕೊಟ್ಟಳು. ಪ್ರಾಯದ ಹೆಣ್ಣುನಾಯಿ; ಉದ್ದನೆಯ ಕಾಲು, ಒಳಸೇರಿದ ಹೊಟ್ಟೆ, ನೀಳವಾದ ಮುಸುಡಿ. ಮುಧೋಳದ ಬೇಟೆನಾಯಿಯ ರಕ್ತವು ಎಲ್ಲಿಯೋ ಬೆರೆತಿರುವುದು ಸ್ಪಷ್ಟವಾಗಿದ್ದಿತು. ಮೊಲದ ಬೇಟೆಗೆಂದು ಸಾಕಿ, ಕೆಲಸಕ್ಕೆ ಬಾರದೆಂದು ಯಾರೋ ಬಿಟ್ಟುಹೋಗಿರಬೇಕು. ಕೈಯೆತ್ತಿದರೆ ನೆಲಕ್ಕೆ ಅಂಟಿಕೊಳ್ಳುತ್ತಿದ್ದಿತು. ಬಾಗಿಲು ಸದ್ದಾದರೆ ಉಚ್ಚೆ ಹೊಯ್ದುಕೊಳ್ಳುತ್ತಿದ್ದಿತು. ಇಂಥ ಅಂಜುಬುರುಕ ಪ್ರಾಣಿಯೇ ಮಂದೆಯನ್ನು ಚದರಿಸಿತೆಂದರೆ ನಂಬುವುದು ಕಷ್ಟ.

ಕೃಷಿಪತ್ರಿಕೆಯಲ್ಲಿ ನಾಯಿಯ ಮಾತೇಕೆಂದು ಕೇಳುವ ಮಹನೀಯರು ಇರಬಹುದು. ಅವರಿಗೆ ನನ್ನ ಉತ್ತರವು ಇಷ್ಟೇ: ಆ ದಿನ ಮಂಗಳೂರಿನ ರೈತನು ಕಳೆದುಕೊಂಡುದು ನಾಯಿಯನ್ನಲ್ಲ, ಗೊಬ್ಬರವನ್ನು. ಐದು ರಾತ್ರಿ ನಿಲ್ಲುವುದಾಗಿ ಒಪ್ಪಿದ್ದ ಕುರಿಗಾರರು ಮರುದಿನವೇ ಬಲೆಯನ್ನು ಸುತ್ತಿ, ಸಾಮಾನುಗಳನ್ನು ಹೇರಿಕೊಂಡು ಕುಷ್ಟಗಿಯ ಕಡೆಗೆ ಹೊರಟುಬಿಟ್ಟರು. ಕುರಿಯ ಹಿಕ್ಕೆಯಲ್ಲಿ ಸಾರಜನಕವು ಸುಮಾರು ನೂರಕ್ಕೆ 3 ಭಾಗ, ರಂಜಕಾಮ್ಲವು 1 ಭಾಗ, ಪೊಟ್ಯಾಷು 2 ಭಾಗ ಇರುವುದು. ನಮ್ಮ ತಿಪ್ಪೆಗೊಬ್ಬರದಲ್ಲಿ ಸಾರಜನಕವು ನೂರಕ್ಕೆ ಅರ್ಧ ಭಾಗದಷ್ಟು ಮಾತ್ರ. ಇದಲ್ಲದೆ ಮಂದೆ ನಿಲ್ಲಿಸಿದ ಹೊಲಕ್ಕೆ ಮೂತ್ರವೂ ಸಲ್ಲುತ್ತದೆ. ಬಂಡಿಯ ಬಾಡಿಗೆಯಿಲ್ಲ, ಹರಡುವ ಕೂಲಿಯಿಲ್ಲ. (ಮಂದೆ ಎದ್ದ ಮರುದಿನವೇ ಕುಂಟೆ ಹಾಯಿಸಿ ಹಿಕ್ಕೆಯನ್ನು ಮಣ್ಣಿನಲ್ಲಿ ಮುಚ್ಚದಿದ್ದರೆ ಸಾರಜನಕದ ಒಂದು ಪಾಲು ಬಿಸಿಲಿಗೆ ಹಾರಿಹೋಗುವುದೆಂಬುದನ್ನು ಇಲ್ಲಿಯೂ ಒಮ್ಮೆ ಹೇಳಿಬಿಡುತ್ತೇನೆ, ಹೇಳಿ ಹೇಳಿ ನಮಗೆ ಬೇಸರವಾಗಿದೆಯೇ ಹೊರತು ರೈತರು ಮಾಡಿದುದು ಕಾಣೆ.) ಕುರಿಗಾರರಿಗೆ ಊರು ಊರಿನ ಸುದ್ದಿಯೂ ಗೊತ್ತು. ಇಂಥ ಊರಿನಲ್ಲಿ ನಾಯಿಕಾಟವೆಂದು ಒಬ್ಬನು ಹೇಳಿದರೆ ಮರುವರುಷ ಹತ್ತು ಮಂದೆಗಳು ದಾರಿ ಬದಲಿಸುವುವು.

ಈಗ ಎಣ್ಣೆಯ ವಿಷಯ. ವಿಷವಿಟ್ಟ ಮಾಂಸವು ಗುರಿಯಿಟ್ಟ ನಾಯಿಯನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಕುರಿಗಾರನ ಕಾವಲುನಾಯಿ, ಊರ ಬೆಕ್ಕು, ನರಿ, ಹದ್ದು, ಯಾವುದಕ್ಕೆ ಮೊದಲು ಸಿಕ್ಕಿದರೆ ಅದು ಸಾಯುವುದು. ನಮ್ಮ ಜಿಲ್ಲೆಯಲ್ಲಿ ತೋಳಗಳು ಇನ್ನೂ ಉಳಿದಿವೆ. ಗಂಗಾವತಿ ತಾಲೂಕಿನ ಬಂಕಾಪುರದ ಕುರುಚಲು ಕಾಡನ್ನು ಸರಕಾರವು ತೋಳಗಳಿಗಾಗಿಯೇ ಧಾಮವನ್ನಾಗಿ ಮೀಸಲಿಟ್ಟಿದೆ. ಒಂದು ಕಡೆ ತೋಳಕ್ಕೆ ಧಾಮವನ್ನು ಕಟ್ಟಿ, ಇನ್ನೊಂದು ಕಡೆ ಅದು ಓಡಾಡುವ ಬದುವಿನ ಮೇಲೆ ವಿಷವನ್ನಿಡುವುದು ಎಂಥ ವ್ಯವಸ್ಥೆ? ಇದಲ್ಲದೆ ನಾಯಿಯು ಮಾಡಿದ ತಪ್ಪು ಅನೇಕ ವೇಳೆ ತೋಳದ ತಲೆಗೆ ಬರುತ್ತದೆ. ತೋಳವು ಸಾಮಾನ್ಯವಾಗಿ ಕೊರಳನ್ನು ಹಿಡಿದು, ಒಂದನ್ನು ಕೊಂದು, ಹೊತ್ತುಕೊಂಡು ಹೋಗುವುದು. ನಾಯಿಗಳಾದರೋ ಓಡುವ ಕುರಿಗಳ ಹಿಂದೊಡೆ, ಕಾಲು, ಕಿವಿಗಳನ್ನು ಕಂಡಕಂಡಂತೆ ಕಚ್ಚಿ, ಹಲವನ್ನು ಗಾಯಗೊಳಿಸಿ, ತಿನ್ನದೆ ಬಿಟ್ಟುಹೋಗುವುವು. ಗಾಯವನ್ನು ನೋಡದೆ ತೋಳವೆಂದು ಕೂಗುವುದು ಸರಿಯಲ್ಲ. ಕಾನೂನಿನ ದೃಷ್ಟಿಯಿಂದಲೂ ವಿಷವಿಡುವುದು ಹುಡುಗಾಟದ ಮಾತಲ್ಲ. 2024ನೆಯ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮಿನಂತೆ, ಯಾವುದೇ ಪ್ರಾಣಿಯನ್ನು ಕೇಡಿನ ಬುದ್ಧಿಯಿಂದ ಕೊಂದರೆ, ವಿಷವಿಟ್ಟರೆ ಅಥವಾ ಅಂಗಹೀನ ಮಾಡಿದರೆ ಐದು ವರುಷಗಳವರೆಗೆ ಸೆರೆಮನೆಯ ಶಿಕ್ಷೆಯಾಗಬಹುದು.

ಕೊಲ್ಲಲು ಮನಸ್ಸು ಬಾರದವರು ಇನ್ನೊಂದು ಉಪಾಯವನ್ನು ಹೂಡುತ್ತಾರೆ. ನಾಯಿಯನ್ನು ಚೀಲದಲ್ಲಿ ಕಟ್ಟಿ, ಗಾಡಿಯಲ್ಲಿ ಹಾಕಿಕೊಂಡು ಹೋಗಿ, ಹತ್ತು ಮೈಲು ಆಚೆ ಬಿಟ್ಟು ಬರುವುದು. ಮಾರಿಯನ್ನು ಊರ ಗಡಿ ದಾಟಿಸಿದಂತೆ ಇದೂ ಒಂದು ದಾಟಿಸುವಿಕೆ. ಮುಂದಿನ ಊರಿನವರ ಕುರಿಗಳು ಕುರಿಗಳಲ್ಲವೇ? ನಾನು ತಂದ ನಾಯಿಯೇ ಹೀಗೆ ದಾಟಿಸಲ್ಪಟ್ಟುದಾಗಿರಬೇಕು. ಬೀದಿನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚಿನ ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲಿಯೇ ಮರಳಿ ಬಿಡಬೇಕೆಂದು 2023ರ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳು ವಿಧಿಸಿರುವುದರ ಹಿಂದೆಯೂ ಈ ತಿಳಿವಳಿಕೆ ಉಂಟು. ಎಲ್ಲಿಯೋ ಬಿಟ್ಟ ನಾಯಿಯು ಹಸಿದು, ಬೆದರಿ, ಮೊದಲಿಗಿಂತಲೂ ಕೆಡುವುದು.

ಆದಕಾರಣ ಉಳಿದುದು ತಿದ್ದುವ ದಾರಿ. ನಾನು ಕೃಷಿಶಾಸ್ತ್ರವನ್ನು ಓದಿದವನೇ ಹೊರತು ಪಶುವೈದ್ಯನಲ್ಲ, ನಾಯಿಗಳ ಶಿಕ್ಷಕನಂತೂ ಅಲ್ಲ. ಆದರೂ ಒಂದು ವರುಷ ಬಲ್ಲವರನ್ನು ಕೇಳಿ, ಪುಸ್ತಕಗಳನ್ನು ನೋಡಿ, ತಪ್ಪುಗಳನ್ನೂ ಮಾಡಿ ಕಲಿತುದನ್ನು ನಿವೇದಿಸುತ್ತೇನೆ.

ಮೊದಲು ನಾಯಿಯು ಏತಕ್ಕೆ ಅಟ್ಟುತ್ತದೆಂಬುದನ್ನು ತಿಳಿಯಬೇಕು. ಹಸಿವಿನಿಂದ ಎಂದು ಜನರು ಹೇಳುತ್ತಾರೆ. ಆದರೆ ಹೊಟ್ಟೆ ತುಂಬಿದ ನಾಯಿಯೂ ಅಟ್ಟುವುದು. ಓಡುವುದನ್ನು ಕಂಡರೆ ಹಿಂದೆ ಓಡುವುದು ನಾಯಿಯ ಜಾತಿಗುಣ. ಕಣ್ಣಿನಿಂದ ಬೇಟೆಯಾಡುವ ಮುಧೋಳದ ಜಾತಿಯಲ್ಲಿ ಅದು ಇನ್ನೂ ತೀಕ್ಷ್ಣ. ಆ ಗುಣಕ್ಕಾಗಿಯೇ ನಾವು ಅದನ್ನು ತಲೆಮಾರುಗಳಿಂದ ಆರಿಸಿ ಬೆಳೆಸಿದೆವು. ಆ ಗುಣವುಳ್ಳ ನಾಯಿಯ ಚಿತ್ರವನ್ನೇ 2005ರಲ್ಲಿ ಅಂಚೆಚೀಟಿಯ ಮೇಲೆ ಅಚ್ಚುಹಾಕಿ ಹೆಮ್ಮೆಪಟ್ಟೆವು. ಓಟವೇ ಅದಕ್ಕೆ ಸಂತೋಷ. ಕುರಿ ಸಿಕ್ಕದಿದ್ದರೂ ಓಡಿದುದೇ ಅದಕ್ಕೆ ಸಂದ ಕೂಲಿ. ಆದುದರಿಂದ ಒಂದು ಸಾರಿ ಅಟ್ಟಿದ ನಾಯಿಯು ಎರಡನೆಯ ಸಾರಿ ಹೆಚ್ಚು ಉತ್ಸಾಹದಿಂದ ಅಟ್ಟುವುದು. ಅಂಜುವ ನಾಯಿಯಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ಅದು ಮನುಷ್ಯರಿಗೆ ಹೆದರುವುದು, ಸದ್ದಿಗೆ ಹೆದರುವುದು, ದನಗಳಿಗೂ ಹೆದರುವುದು. ತನ್ನನ್ನು ಕಂಡು ಓಡುವ ಒಂದೇ ಪ್ರಾಣಿಯೆಂದರೆ ಕುರಿ. ಅದರ ಮುಂದೆ ಮಾತ್ರ ಅದರ ಅಂಜಿಕೆ ಬಿಟ್ಟುಹೋಗುವುದು.

ಹಾಗಾದರೆ ಕುರುಬರ ನಾಯಿಗಳು ಏಕೆ ಅಟ್ಟುವುದಿಲ್ಲ? ಅವು ಕಣ್ಣು ಬಿಟ್ಟಂದಿನಿಂದ ದಡ್ಡಿಯಲ್ಲಿ ಮರಿಗಳ ಜೊತೆಯಲ್ಲಿಯೇ ಬೆಳೆದುವು. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು ಅನೇಕ ವರುಷ ನಾಯಿಗಳನ್ನು ಸಾಕಿ ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗಿನ ಕಾಲವೇ ನಾಯಿಮರಿಯು ತನ್ನವರು ಯಾರೆಂಬುದನ್ನು ಕಲಿಯುವ ಕಾಲವೆಂದು ತೋರಿಸಿಕೊಟ್ಟರು. ನಮ್ಮ ಕುರಿಗಾರರು ಇದನ್ನು ಗ್ರಂಥವಿಲ್ಲದೆಯೇ ಅರಿತಿದ್ದರು. ಪ್ರಾಯಕ್ಕೆ ಬಂದ ನಾಯಿಗೆ ಆ ಕಾಲವು ಕಳೆದುಹೋಗಿದೆ. ಕುರಿಯನ್ನು ಅಣ್ಣತಮ್ಮನೆಂದು ಅದು ಇನ್ನು ತಿಳಿಯಲಾರದು. ಕುರಿಯನ್ನು ಕಂಡರೆ ಸುಮ್ಮನಿರುವುದರಿಂದ ತನಗೆ ಲಾಭವುಂಟೆಂದು ಮಾತ್ರ ಕಲಿಯಬಲ್ಲುದು. ನಮ್ಮ ಪ್ರಯತ್ನವು ಇಷ್ಟನ್ನೇ ಅಪೇಕ್ಷಿಸತಕ್ಕದ್ದು.

ತಂದ ಮೊದಲ ಮೂರು ವಾರ ನಾನು ಯಾವ ಶಿಕ್ಷಣವನ್ನೂ ಕೊಡಲಿಲ್ಲ. ಪಶುವೈದ್ಯರು ಹುಚ್ಚಿನ ಲಸಿಕೆಯನ್ನು ಹಾಕಿ, ಹುಳದ ಔಷಧವನ್ನು ಕೊಟ್ಟರು. ಹಿತ್ತಲಿನ ಮೂಲೆಯಲ್ಲಿ ಒಂದು ಗೋಣಿ, ಒಂದು ಮರೆ, ಒಂದು ನೀರಿನ ಬೋಗುಣಿ. ಹೊತ್ತಿಗೆ ಸರಿಯಾಗಿ ಒಬ್ಬರೇ ಆಹಾರವನ್ನು ಇಡುವುದು, ಪಕ್ಕಕ್ಕೆ ಮುಖ ಮಾಡಿ ಸ್ವಲ್ಪ ಹೊತ್ತು ಕೂಡುವುದು, ಎದ್ದು ಹೋಗುವುದು. ಅದರ ಕಣ್ಣನ್ನು ದಿಟ್ಟಿಸಬಾರದು. ಮೇಲೆ ಬಾಗಿ ತಲೆ ಸವರಬಾರದು. ಮಕ್ಕಳಿಗೆ ಈ ಕಟ್ಟಳೆಯು ಬಹಳ ಕಷ್ಟವಾಯಿತು. ಹದಿನೆಂಟನೆಯ ದಿನ ಅದು ತಾನಾಗಿಯೇ ಬಂದು ನನ್ನ ಮೊಣಕಾಲನ್ನು ಮೂಸಿ ಹೋಯಿತು. ಆ ದಿನ ನಾನೂ ಕೈ ನೀಡಲಿಲ್ಲ.

ಆಮೇಲೆ ಕರೆಗೆ ಬರುವುದನ್ನು ಕಲಿಸಿದೆನು. "ಬಾ" ಎಂಬುದೊಂದೇ ಮಾತು. ಬಂದ ಪ್ರತಿಯೊಂದು ಸಾರಿಯೂ ಬೇಯಿಸಿದ ಈಲಿಯ ಚೂರು. ಮಾಂಸವನ್ನು ಮುಟ್ಟದ ಮನೆಯವರು ಬೇಯಿಸಿದ ತತ್ತಿಯ ಚೂರನ್ನು ಕೊಡಬಹುದು. ಅದನ್ನೂ ಮುಟ್ಟದವರು ನಾಯಿಗೆ ಅತ್ಯಂತ ಇಷ್ಟವಾದ ಬೇರೆ ಏನನ್ನಾದರೂ ಹುಡುಕಿಕೊಳ್ಳತಕ್ಕದ್ದು. ದಿನದ ರೊಟ್ಟಿಯು ಸಾಲದು, ಅದು ಹೇಗೂ ಸಿಕ್ಕುವುದೆಂದು ನಾಯಿಗೆ ಗೊತ್ತು. ಗಂಟೆಯ ಸದ್ದಿಗೆ ನಾಯಿಯ ಬಾಯಲ್ಲಿ ನೀರೂರುವಂತೆ ಮಾಡಿದ ರಷ್ಯದ ಪಾವ್ಲಾವ್ ಪಂಡಿತರ ಪ್ರಯೋಗವನ್ನು ಅನೇಕರು ಕೇಳಿರಬಹುದು. ಇಲ್ಲಿ "ಬಾ" ಎಂಬುದೇ ಆ ಗಂಟೆ. ಒಂದು ಸಂಗತಿಯನ್ನು ಮಾತ್ರ ಮರೆಯಬಾರದು: ಕರೆದು ಬಂದ ನಾಯಿಯನ್ನು, ಅದು ಮೊದಲು ಏನು ತಪ್ಪು ಮಾಡಿದ್ದರೂ, ಹೊಡೆಯಕೂಡದು. ಬಂದುದಕ್ಕೇ ಹೊಡೆದರೆಂದು ಅದು ತಿಳಿಯುವುದು, ಇನ್ನೊಮ್ಮೆ ಬಾರದು.

ಎರಡನೆಯ ತಿಂಗಳು ಕುರಿಗಳ ಎದುರಿಗೆ ಒಯ್ದೆನು. ಆರು ಮಾರು ಉದ್ದದ ಹಗುರವಾದ ನೂಲುಹಗ್ಗ. ಅದನ್ನು ಕೊರಳಿಗೆ ಕಟ್ಟದೆ ಎದೆಪಟ್ಟಿಗೆ ಕಟ್ಟಬೇಕು. ಕೊರಳಿಗೆ ಕಟ್ಟಿದರೆ ವೇಗವಾಗಿ ಓಡಿ ಹಗ್ಗ ಮುಗಿದೊಡನೆ ಕತ್ತು ಉಳುಕುವುದು. ಅಂಜುವ ನಾಯಿಯು ಕುರಿಯನ್ನು ಕಂಡರೇ ಕತ್ತಿನ ನೋವನ್ನು ನೆನೆದು ಮತ್ತಷ್ಟು ಕೆರಳುವುದು. ಮೊದಲನೆಯ ದಿನ ಮೇಯುತ್ತಿರುವ ಕುರಿಗಳಿಂದ ಒಂದು ಫರ್ಲಾಂಗು ದೂರದಲ್ಲಿ ನಿಂತೆವು. ನಾಯಿಯು ನೋಡಿತು. ಕಿವಿ ಮುಂದಾಯಿತು, ಬಾಯಿ ಮುಚ್ಚಿತು, ಬಾಲ ಬಿಗಿಯಿತು. ನಾನು ಏನನ್ನೂ ಹೇಳದೆ ಕಾದೆನು. ಒಂದು ಕ್ಷಣ ತಲೆಯನ್ನು ನನ್ನ ಕಡೆಗೆ ತಿರುಗಿಸಿತು. ಕೂಡಲೇ ಈಲಿಯ ಚೂರು ಕೊಟ್ಟೆನು. ಮತ್ತೆ ನೋಡಿತು, ಮತ್ತೆ ತಿರುಗಿತು, ಮತ್ತೆ ಚೂರು. ಹತ್ತು ನಿಮಿಷ ಇಷ್ಟೇ ಮಾಡಿ ಹಿಂದಿರುಗಿದೆವು. ಬದುವಿನ ಮೇಲೆ ಕುಳಿತು ನೋಡುತ್ತಿದ್ದ ರೈತರಿಗೆ ಇದು ಹುಚ್ಚಾಟವಾಗಿ ಕಂಡಿತು. ಸಾಹೇಬರು ಕುರಿ ತೋರಿಸಿ ನಾಯಿಗೆ ಮಾಂಸ ತಿನ್ನಿಸುತ್ತಾರೆಂದು ಊರಲ್ಲಿ ನಗೆಯಾಯಿತಂತೆ, ಆಗಲಿ.

ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದನ್ನು ನಾಯಿಯೇ ಹೇಳುವುದು. ಮನೆಯಲ್ಲಿ ಆತುರದಿಂದ ತಿನ್ನುವ ಚೂರನ್ನು ಹೊಲದಲ್ಲಿ ಮೂಸಿಯೂ ನೋಡದಿದ್ದರೆ ನಾವು ಅತಿ ಸಮೀಪಕ್ಕೆ ಹೋದೆವೆಂದು ಅರ್ಥ. ಮಾತಿಲ್ಲದೆ ಹಿಂದಕ್ಕೆ ಸರಿಯತಕ್ಕದ್ದು. ಬೆದರಿಕೆಯ ಗುರುತುಗಳು ಬೇರೆ: ನಿದ್ದೆಯಿಲ್ಲದೆ ಆಕಳಿಸುವುದು, ತುಟಿಯನ್ನು ಮತ್ತೆ ಮತ್ತೆ ನೆಕ್ಕುವುದು, ಬಾಲವನ್ನು ಕಾಲಿನ ನಡುವೆ ಸೇರಿಸುವುದು. ಇವನ್ನು ಕಂಡಾಗ ಆ ದಿನದ ಪಾಠವನ್ನು ಮುಗಿಸಬೇಕು. ವಾರಕ್ಕೆ ಹತ್ತಿಪ್ಪತ್ತು ಹೆಜ್ಜೆಯಂತೆ ನಾವು ಹತ್ತಿರವಾದೆವು. ನಿಂತ ಕುರಿ, ಅನಂತರ ನಡೆಯುವ ಕುರಿ, ಎಲ್ಲಕ್ಕೂ ಕಡೆಗೆ ಓಡುವ ಕುರಿ. ಜಿಗಿಯುವ ಮರಿಗಳಂತೂ ಅತ್ಯಂತ ಕಠಿಣವಾದ ಪರೀಕ್ಷೆ. ಸಂಜೆ ಹಿಂಡು ಮನೆಗೆ ತಿರುಗುವ ಹೊತ್ತಿನಲ್ಲಿ ಮರಿಗಳು ತಾಯಿಗಳ ಕಡೆಗೆ ಕೂಗುತ್ತ ಓಡುವಾಗ, ಇಂದಿಗೂ ನಮ್ಮ ನಾಯಿಯ ಮೈ ನಡುಗುವುದನ್ನು ಹಗ್ಗದ ಮೂಲಕ ನಾನು ಅರಿಯಬಲ್ಲೆ.

ನಾಲ್ಕನೆಯ ತಿಂಗಳಲ್ಲಿ ನನ್ನಿಂದಲೇ ಒಂದು ತಪ್ಪಾಯಿತು. ಒಂದು ವಾರ ಚೆನ್ನಾಗಿ ನಡೆದುದನ್ನು ಕಂಡು, ಹಗ್ಗವನ್ನು ನೆಲದ ಮೇಲೆ ಎಳೆಯುವಂತೆ ಬಿಟ್ಟೆನು. ಹಳ್ಳದ ತಿರುವಿನಲ್ಲಿ ಎಮ್ಮೆಯ ಕರುವೊಂದು ಥಟ್ಟನೆ ಎದುರಾಗಿ ಓಡಿತು. ನಾನು ಹಗ್ಗಕ್ಕೆ ಕೈ ಹಾಕುವುದರೊಳಗೆ ನಾಯಿಯು ಅದರ ಹಿಂದೆ ಎರಡು ಹೊಲ ದಾಟಿದ್ದಿತು. ಕರುವಿಗೆ ಗಾಯವಾಗಲಿಲ್ಲ, ತಾಯೆಮ್ಮೆಯು ತಿರುಗಿ ನಿಂತುದರಿಂದ ಅಪಾಯ ತಪ್ಪಿತು. ಆದರೆ ಎರಡು ತಿಂಗಳಿನ ಶ್ರಮವು ಅರ್ಧ ನಿಮಿಷದಲ್ಲಿ ಹೋಯಿತು. ಮರುದಿನ ಮತ್ತೆ ಒಂದು ಫರ್ಲಾಂಗಿನಿಂದಲೇ ಆರಂಭ. ಆ ಎಮ್ಮೆಯ ಒಡೆಯನು ನನ್ನನ್ನು ಆಡಿದ ಮಾತುಗಳು ನ್ಯಾಯವಾಗಿಯೇ ಇದ್ದುವು.

ಹೊಡೆದು ಬುದ್ಧಿ ಕಲಿಸಬೇಕೆನ್ನುವವರು ಬಹಳ. ಸತ್ತ ಮರಿಯನ್ನು ನಾಯಿಯ ಕೊರಳಿಗೆ ಕಟ್ಟಿ ಕೊಳೆಯುವವರೆಗೂ ಬಿಡಬೇಕೆಂದು ಒಬ್ಬರು, ಟಗರಿನೊಡನೆ ಕೋಣೆಯಲ್ಲಿ ಕೂಡಬೇಕೆಂದು ಇನ್ನೊಬ್ಬರು ನನಗೆ ಉಪದೇಶಿಸಿದರು. ವಿದ್ಯುತ್ತಿನ ಪೆಟ್ಟು ಕೊಡುವ ಕೊರಳಪಟ್ಟಿಯನ್ನು ಪಟ್ಟಣದಿಂದ ತರಿಸೆಂದವರೂ ಉಂಟು. ಕುರಿಸಾಕಣೆಗೆ ಪ್ರಸಿದ್ಧವಾದ ವೇಲ್ಸ್ ದೇಶವೇ ಆ ಪಟ್ಟಿಯನ್ನು 2010ರಲ್ಲಿ ನಿಷೇಧಿಸಿತೆಂಬುದು ವಿಚಾರಮಾಡತಕ್ಕ ಸಂಗತಿ. ಧೈರ್ಯದ ನಾಯಿಯ ಮಾತು ಹೇಗೋ ನಾನರಿಯೆ. ಮೊದಲೇ ನಡುಗುವ ನಾಯಿಗೆ ನೋವು ಕೊಟ್ಟರೆ ಅದು ಕುರಿಯನ್ನು ಬಿಡುವುದನ್ನು ಕಲಿಯುವ ಮೊದಲು ನಮ್ಮನ್ನು ನಂಬದಿರುವುದನ್ನು ಕಲಿಯುವುದು. ಗುರುಗುಟ್ಟಿದುದಕ್ಕೆ ಪೆಟ್ಟು ತಿಂದ ನಾಯಿಯು ಮುಂದೆ ಗುರುಗುಟ್ಟದೆಯೇ ಕಚ್ಚುವುದು. ಅದರ ಫಲವನ್ನು ಮನೆಯ ಮಕ್ಕಳು ಉಣ್ಣಬೇಕಾದೀತು.

ನನ್ನ ಈ ಮಾತುಗಳಿಂದ ಎಲ್ಲ ನಾಯಿಗಳನ್ನೂ ತಿದ್ದಬಹುದೆಂದು ಯಾರೂ ತಿಳಿಯಬಾರದು. ಶಾಂತವಾಗಿದ್ದ ನಾಯಿಯು ಏಕಾಏಕಿ ಕಂಡಕಂಡ ದನಕುರಿಗಳನ್ನು ಕಚ್ಚತೊಡಗಿದರೆ, ಜೊಲ್ಲು ಸುರಿದರೆ, ದನಿ ಬದಲಾದರೆ ಅದು ಶಿಕ್ಷಣದ ವಿಷಯವೇ ಅಲ್ಲ. ಹುಚ್ಚೆಂದು ಶಂಕಿಸಿ, ಹತ್ತಿರ ಹೋಗದೆ ಪಶುವೈದ್ಯರಿಗೆ ತಿಳಿಸಬೇಕು. ಕಚ್ಚಿಸಿಕೊಂಡವರು ಗಾಯವನ್ನು ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ತೊಳೆದು ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು; ಸುಣ್ಣ, ಖಾರದ ಪುಡಿಗಳನ್ನು ಮೆತ್ತತಕ್ಕದ್ದಲ್ಲ. ಇನ್ನು, ಕುರಿಯನ್ನು ಕೊಂದು ತಿಂದ ರುಚಿಯನ್ನು ಕಂಡ ನಾಯಿ, ಅದರಲ್ಲಿಯೂ ಗುಂಪುಕಟ್ಟಿ ಬೇಟೆಯಾಡುವ ನಾಯಿ, ಎಷ್ಟು ಕಲಿತರೂ ಒಂಟಿಯಾಗಿ ಹೊಲದಲ್ಲಿ ಬಿಡತಕ್ಕ ಪ್ರಾಣಿಯಾಗಲಾರದು. ಅಂಥದನ್ನು ಸಾಯುವವರೆಗೂ ಕಟ್ಟಿ ಸಾಕುವ ಮನಸ್ಸಿಲ್ಲದವರು ಮೊದಲೇ ಸಾಕುವ ಗೋಜಿಗೆ ಹೋಗಬಾರದು. ಸಂತಾನಹರಣದ ಶಸ್ತ್ರಚಿಕಿತ್ಸೆಯಿಂದ ಅಲೆದಾಟವು ಕಡಮೆಯಾಗಬಹುದು. ಅಟ್ಟುವ ಗುಣವು ಹೋಗುವುದಿಲ್ಲ.

ನಾಯಿಗೆ ಆ ರುಚಿಯನ್ನು ಹಚ್ಚುವವರಾದರೂ ಯಾರು? ಸತ್ತ ಕುರಿಯನ್ನು ಹಳ್ಳಕ್ಕೆ ಎಸೆಯುವವರು ನಾವೇ. ಜಾತ್ರೆಯ ಮರುದಿನ ಕರುಳು, ಈಲಿ, ತಲೆಗಳನ್ನು ನಾಯಿಗಳ ಮುಂದೆ ಚೆಲ್ಲುವವರೂ ನಾವೇ. ರುಚಿಯ ಮಾತು ಹಾಗಿರಲಿ, ಇದರಲ್ಲಿ ರೋಗದ ದೊಡ್ಡ ಭಯವುಂಟು. ಕುರಿಯ ಈಲಿ ಪುಪ್ಪುಸಗಳಲ್ಲಿ ನೀರುತುಂಬಿದ ಗುಳ್ಳೆಗಳನ್ನು ಅನೇಕರು ಕಂಡಿರುವಿರಿ. ಅದನ್ನು ತಿಂದ ನಾಯಿಯ ಕರುಳಿನಲ್ಲಿ ಸಣ್ಣ ಲಾಡಿಹುಳಗಳು ಬೆಳೆಯುವುವು. ಅವುಗಳ ತತ್ತಿಗಳು ನಾಯಿಯ ಮಲದೊಡನೆ ಹುಲ್ಲಿಗೆ, ನೀರಿಗೆ, ನಮ್ಮ ಕೈಗೆ ಸೇರಿ, ಕುರಿಯಲ್ಲಿಯೂ ಮನುಷ್ಯನಲ್ಲಿಯೂ ಅದೇ ಗುಳ್ಳೆಗಳನ್ನು ಉಂಟುಮಾಡುವುವು. ಇನ್ನೊಂದು ಜಾತಿಯ ಲಾಡಿಹುಳದಿಂದ ಕುರಿಯ ಮಿದುಳಿನಲ್ಲಿ ಗುಳ್ಳೆಯೆದ್ದು, ಕುರಿಯು ತಲೆಯನ್ನು ವಾರೆಮಾಡಿ ಒಂದೇ ಕಡೆಗೆ ಸುತ್ತಿ ಸುತ್ತಿ ಸಾಯುವುದು. ಆದುದರಿಂದ ಹೆಣವನ್ನೂ ಕರುಳನ್ನೂ ಆಳವಾಗಿ ಹೂಳುವುದು, ನಾಯಿಗೆ ಪ್ರಾಜಿಕ್ವಾಂಟೆಲ್ ಎಂಬ ಔಷಧವನ್ನು ಪಶುವೈದ್ಯರು ಹೇಳಿದ ಅಂತರದಲ್ಲಿ ತಪ್ಪದೆ ಕೊಡುವುದು, ಇವೆರಡೂ ಕುರಿಯ ಒಡೆಯನಿಗೇ ಲಾಭ.

ಹೊಣೆ ಯಾರದೆಂಬ ಪ್ರಶ್ನೆಗೆ ಈಗ ತಿರುಗುತ್ತೇನೆ. ಇಂಗ್ಲೆಂಡಿನಲ್ಲಿ 1953ರಿಂದ ಒಂದು ಕಾನೂನುಂಟು. ಅದರಂತೆ ನಾಯಿಯು ಕುರಿಯನ್ನು ಕಚ್ಚಲೇಬೇಕೆಂದಿಲ್ಲ. ಗಾಯವಾಗುವಂತೆ ಇಲ್ಲವೆ ಕಂದು ಹಾಕುವಂತೆ ಅಟ್ಟಿದರೂ, ಕುರಿಗಳಿರುವ ಹೊಲದಲ್ಲಿ ಹತೋಟಿಯಿಲ್ಲದೆ ಸುಮ್ಮನೆ ಬಿಟ್ಟಿದ್ದರೂ ನಾಯಿಯ ಒಡೆಯನು ಅಪರಾಧಿ. ನಮ್ಮಲ್ಲಿ ಅಂಥ ಕಾನೂನು ಬರಬೇಕೆಂದು ನಾನು ಹೇಳುವುದಿಲ್ಲ. ಅರ್ಧದಷ್ಟು ನಾಯಿಗಳಿಗೆ ಒಡೆಯನೇ ಇಲ್ಲದ ಸೀಮೆಯಲ್ಲಿ ಅದರಿಂದ ಪ್ರಯೋಜನ ಕಡಮೆ. ಆದರೆ ಮಂದೆ ಬರುವ ತಿಂಗಳುಗಳಲ್ಲಿ ಗ್ರಾಮಪಂಚಾಯತಿಯವರು ಡಂಗುರ ಹಾಕಿಸಿ, ಯಾವ ಮನೆಯ ಮುಂದೆ ಯಾವ ನಾಯಿ ಉಣ್ಣುವುದೋ ಆ ಮನೆಯವರು ಸೂರ್ಯಾಸ್ತದಿಂದ ಬೆಳಗಿನವರೆಗೆ ಅದನ್ನು ಕಟ್ಟತಕ್ಕದ್ದೆಂದು ಗೊತ್ತುಮಾಡಬಹುದು. ಅಷ್ಟು ಮಾಡುವುದಕ್ಕೆ ಯಾವ ಕಾಯಿದೆಯೂ ಬೇಕಿಲ್ಲ. ಮುದುಕ ಕುರಿಗಾರನು ಹೇಳಿದ ತುತ್ತಿನ ನ್ಯಾಯವೇ ಸಾಕು.

ಈ ವರುಷ ಮಾಘದಲ್ಲಿ ಅದೇ ಕುರಿಗಾರರು ಮಂಗಳೂರಿನ ದಾರಿಯಲ್ಲಿ ಹಾಯ್ದು ಹೋಗುತ್ತಾರೆಂದು ತಿಳಿದು, ನಾನು ನಾಯಿಯನ್ನು ಕರೆದುಕೊಂಡು ಅಲ್ಲಿಗೆ ಹೋದೆನು. ಹೊಲದ ಒಡೆಯನೂ ಬಂದು ದೂರದಲ್ಲಿ ನಿಂತನು. ರಸ್ತೆಯ ಪಕ್ಕದ ಬೇವಿನ ಮರದ ಕೆಳಗೆ ನಾನು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು ನಿಂತೆನು. ಹಿಂಡು ಇಪ್ಪತ್ತು ಹೆಜ್ಜೆಯ ಅಂತರದಲ್ಲಿ ಧೂಳೆಬ್ಬಿಸುತ್ತ ಹಾಯ್ದಿತು. ನಾಯಿಯು ನೋಡಿತು, ನನ್ನನ್ನು ನೋಡಿತು, ಚೂರು ತಿಂದಿತು, ಮತ್ತೆ ನೋಡಿತು. ಕಡೆಯ ಮರಿ ಹೋಗುವವರೆಗೂ ಅದು ಕುಳಿತ ಸ್ಥಳದಿಂದ ಏಳಲಿಲ್ಲ. ಮುದುಕನು ಕೋಲೂರಿ ನಿಂತು ಎಲ್ಲವನ್ನೂ ನೋಡುತ್ತಿದ್ದನು.

"ಹಗ್ಗ ಬಿಡ್ರಿ ಸಾಹೇಬ್ರ, ನೋಡೂಣು" ಎಂದನು.

ನಾನು ಬಿಡುವುದಿಲ್ಲವೆಂದೆನು.

ಅವನು ನಕ್ಕನು. "ಹಂಗಾದ್ರ ನಿಲ್ತೀವಿ ಬಿಡ್ರಿ" ಎಂದು ಹೇಳಿ, ಮುಂದೆ ಹೋಗುತ್ತಿದ್ದ ಹುಡುಗರನ್ನು ಕೂಗಿ ಹಿಂಡನ್ನು ಆ ಹೊಲದ ಕಡೆಗೆ ತಿರುಗಿಸಿದನು. ಮಂದೆಯು ಅಲ್ಲಿ ಐದು ರಾತ್ರಿ ನಿಂತಿತು. ಆರನೆಯ ದಿನ ಬೆಳಗ್ಗೆ ಹೊಲದ ಒಡೆಯನು ಕುಂಟೆ ಹೂಡಿದನೆಂದು ಕೇಳಿದೆನು.